ಕೇಳದೆ ತಟ್ಟಬಾರದು

ಮಾರುತಿ ಬೇಕಂತಲೇ ಗಾಡಿಯನ್ನು ತಂದು ಬಾಲವಾಡಿಯಲ್ಲಿ ನಿಲ್ಲಿಸಿದ. ಇಂಜಿನ್ ಆಫ್ ಮಾಡಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಒಂದು ಗಳಿಗೆ ಹಾಗೇ ಕೂತ. ಬಾಗಿಲು ತೆಗೆಯುವ ಮುಂಚೆಯೇ ಹೋಟೆಲಿನ ಮುಂದೆ ಮಂಚಗಳ ಮೇಲೆ ಒರಗಿದ್ದವರ ನಗು ಕೇಳಿಸಿತು.

"ಏನಲೇ ಮಾರುತಿ, ಒಂದನೇ ಕ್ಲಾಸಿಗೆ ಸೇರ್ಕಂಡ್ಯಾ?" ಟ್ಯಾಂಕರ್ ಓಡಿಸುವ ಜೋಗಪ್ಪ ಕೂಗಿದ. "ಸ್ಲೇಟು ಬಳಪ ತಂದಿದೀಯೋ ಇಲ್ವೋ?"

"ಎಂಟನೇ ಕ್ಲಾಸಿಗೆ ಬಿಟ್ಟೋನಲ್ವಾ, ಮೊದ್ಲಿಂದ ಓದಾನ ಅಂತ ಬಂದೆ," ಅಂದ ಮಾರುತಿ, ಇಳಿದು ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದ.

ಇನ್ನು ಅರ್ಧ ಗಂಟೆಗೆ ಚಿಕ್ಕೀರಪ್ಪ ಬರುತ್ತಾನೆ. ಬಂದವನು ನೆಟ್ಟಗೆ ಈ ಜಾಗಕ್ಕೇ ಬರುತ್ತಾನೆ. ಜಾಗ ಇರುವುದಿಲ್ಲ. ಆಮೇಲೆ ಏನು ಮಾಡುತ್ತಾನೆ ಅನ್ನುವುದನ್ನು ಮಾರುತಿ ಕಣ್ಣಾರೆ ನೋಡಬೇಕಿತ್ತು.

ದುರುಗಕ್ಕನ ಹೋಟೆಲು ಇರುವುದು ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರೋಡಿನಲ್ಲಿ, ತಳಕು ದಾಟಿದ ಮೇಲೆ, ಮೊಳಕಾಲ್ಮೂರಿಗೆ ತಿರುಗುವ ಕ್ರಾಸಿಗಿಂತ ಈಚೆಗೆ. ಬೋರ್ಡಿಲ್ಲ. ತಗಡಿನ ಸೂರು, ನಾಕು ನಾರಿನ ಮಂಚ, ಒಂದು ಬೇವಿನ ಮರ, ಮುಂದೆ ಗರಸು ಹಾಸಿದ ಎರಡು ಎಕರೆ ಬಯಲು. ಈಗ ಹೆದ್ದಾರಿಯಲ್ಲಿ ದೊಡ್ಡ ದೊಡ್ಡ ಡಾಬಾಗಳು ಬಂದಿವೆ. ಸಿಮೆಂಟಿನ ನೆಲ, ನೆಲದ ಮೇಲೆ ಹಳದಿ ಪಟ್ಟೆ, ಪಟ್ಟೆ ದಾಟಿದರೆ ಸೀಟಿ ಊದುವ ಸೆಕ್ಯೂರಿಟಿ. ಆದರೂ ಈ ರೋಡಿನಲ್ಲಿ ಓಡಾಡಿ ಪಳಗಿದವರು ಇಲ್ಲಿಗೇ ಬರುತ್ತಾರೆ. ಇಲ್ಲಿ ಪಟ್ಟೆ ಎಳೆದವರು ಯಾರೂ ಇಲ್ಲ, ಆದರೆ ಪಟ್ಟೆ ಉಂಟು. ಸ್ಕೂಲು ಕಲಿತವರ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಸೆಲ್ಫ್ ಕೈಕೊಡುವ ಗಾಡಿಗೆ ದಿಬ್ಬದ ಜಾಗ. ಬ್ರೇಕು ಬಿಟ್ಟು ಇಳಿಜಾರಿಗೆ ಉರುಳಿಸಿದರೆ ಯಾರನ್ನೂ ತಳ್ಳು ಅಂತ ಬೇಡಬೇಕಾಗಿಲ್ಲ. ಕುರಿ ತುಂಬಿದ ಗಾಡಿ ಮೂಡಲ ತುದಿಗೆ, ಪಡುವಣ ಗಾಳಿ ವಾಸನೆಯನ್ನು ಹೊಲದ ಕಡೆ ಹೊತ್ತುಕೊಂಡು ಹೋಗಲಿ ಅಂತ. ಈರುಳ್ಳಿ ಗಾಡಿ ಗಾಳಿಗೆ ಎದೆ ಕೊಟ್ಟು ನಿಲ್ಲಬೇಕು, ಇಲ್ಲದಿದ್ದರೆ ಚೀಲ ಬೆವರುತ್ತವೆ. ಟ್ಯಾಂಕರು ಒಲೆಗೆ ದೂರ, ಹಿಂದುಗಡೆ ನೀರಿನ ತೊಟ್ಟಿಯ ಹತ್ತಿರ. ಯಾವ ಗಾಡಿಯೇ ಆಗಲಿ, ರಿವರ್ಸ್ ಹಾಕಿಕೊಂಡು ಒಳಗೆ ಹೋಗಬೇಕು, ಮೂತಿ ರೋಡಿಗಿರಬೇಕು. ಮೂತಿ ಒಳಗೆ ಹಾಕಿದವನನ್ನು "ಯಾಕಲೇ, ದುರುಗಕ್ಕನ ಮನೆ ಅಳಿಯ ಆಗಿ ಇಲ್ಲೇ ಇರ್ತೀಯಾ?" ಅಂತ ಉಣ್ಣುವ ಮುದ್ದೆ ಗಂಟಲಿಗೆ ಸಿಕ್ಕುವ ತನಕ ಗೋಳು ಹುಯ್ದುಕೊಳ್ಳುತ್ತಾರೆ. ಇನ್ನೊಬ್ಬರ ಗಾಡಿಗೆ ಅಡ್ಡ ನಿಲ್ಲಿಸುವುದು ಮಾತ್ರ ತಮಾಷೆಯ ಮಾತಲ್ಲ. ಜಾಗವೇ ಇಲ್ಲದೆ ನಿಲ್ಲಿಸಿದರೆ, ಕೀಲಿಯನ್ನು ಹೋಟೆಲಿನ ಕಂಬದ ಮೊಳೆಗೆ ನೇತುಹಾಕಿ ಮಲಗಬೇಕು. ಹಾಗೆ ಮಾಡದವನ ಟೈರಿನ ಗಾಳಿ ಇಳಿದರೆ ಯಾಕೆ ಅಂತ ಕೇಳುವವರಿಲ್ಲ.

ಇನ್ನೊಂದಿದೆ. ಹಿರಿಯ ಡ್ರೈವರು ರಿವರ್ಸ್ ಹಾಕುವಾಗ ಅವನು ಕೇಳದೆ ಅವನ ಗಾಡಿಯನ್ನು ತಟ್ಟಬಾರದು. ಎರಡು ತಟ್ಟಿದರೆ ಬಾ, ಒಂದೇ ಏಟು ಹಾಕಿದರೆ ನಿಲ್ಲು. ಇದು ಕಲಿಯುವವರಿಗೆ. ಕಲಿತವನಿಗೆ ಕೇಳದೆ ತಟ್ಟುವುದೂ ಒಂದೇ, ನಡೆಯುವ ಗಂಡಸಿನ ರಟ್ಟೆ ಹಿಡಿದು ರೋಡು ದಾಟಿಸುವುದೂ ಒಂದೇ.

ಬಾಲವಾಡಿ ಅನ್ನುವುದು ಬಳ್ಳಾರಿ ಜಾಲಿಯ ಪೊದೆಗಳ ಪಕ್ಕದ ಮೂಲೆ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ರೋಡಿಗೆ ಹತ್ತಿಬಿಡಬಹುದು. ರಿವರ್ಸೇ ಬೇಡ. ಹೊಸದಾಗಿ ಸ್ಟೇರಿಂಗ್ ಹಿಡಿದವರು ಕೈಯ ನಡುಕ ನಿಲ್ಲುವ ತನಕ ಅಲ್ಲಿ ನಿಲ್ಲಿಸುತ್ತಾರೆ. ಆ ಹೆಸರಿಟ್ಟವನು ಚಿಕ್ಕೀರಪ್ಪನೇ. "ಅಂಗನವಾಡಿ ಉಪ್ಪಿಟ್ಟು ಇಲ್ಲಿಗೇ ಕಳಿಸ್ತಾರೆ, ಕೂತ್ಕಳಿ," ಅಂತ ಅಲ್ಲಿ ನಿಲ್ಲಿಸಿದವರನ್ನು ರೇಗಿಸುತ್ತಿದ್ದ.

ಅಂಥವನು ಮೂರು ವಾರದಿಂದ ಅಲ್ಲೇ ನಿಲ್ಲಿಸುತ್ತಿದ್ದಾನೆ.

ಮೊದಲ ಸಲ ಗಾಳಿ ಚೆನ್ನಾಗಿದೆ ಅಂದ. ಎರಡನೇ ಸಲ ಟೈರು ನೆರಳಿಗಿರಲಿ ಅಂದ. ಮೂರನೇ ಸಲ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ವಯಸ್ಸಾಯಿತು ಅಂದರು ಕೆಲವರು. ಸೊಂಟ ಹಿಡಿದಿರಬೇಕು ಅಂದ ಜೋಗಪ್ಪ. ಮಾರುತಿ ಮಾತ್ರ ಏನೂ ಅನ್ನಲಿಲ್ಲ. ಆರು ವರ್ಷ ಕ್ಲೀನರಾಗಿ ಆ ಗಾಡಿಯ ಎಡಗಡೆ ಸೀಟಿನಲ್ಲಿ ಕೂತವನು ಅವನು. ಕುದಾಪುರದ ಕಾವಲಿನಲ್ಲಿ, ಹುಲ್ಲುಗಾವಲಿನ ಸುತ್ತ ಸರ್ಕಾರದವರ ಕಾಂಪೌಂಡಿನ ಗೋಡೆಗಳು ಇನ್ನೂ ಅರ್ಧ ಎದ್ದಿದ್ದ ಕಾಲದಲ್ಲಿ, ಹುಲ್ಲಿನ ಮೇಲೆ ನಾಕು ಕಲ್ಲು ನೆಟ್ಟು ಚಿಕ್ಕೀರಪ್ಪ ಅವನಿಗೆ ರಿವರ್ಸ್ ಕಲಿಸಿದ್ದ. ಎರಡೂ ಕಡೆಯ ಕನ್ನಡಿಗಳನ್ನು ಮಡಚಿ, "ಕನ್ನಡಿ ನೋಡಿ ಎಲ್ರೂ ಹಾಕ್ತಾರೆ. ಕಿವೀಲಿ ಹಾಕು," ಅಂದು ಹಿಂದೆ ಹೋಗಿ ನಿಂತು ಹಲಗೆ ತಟ್ಟುತ್ತಿದ್ದ. ಟಪ್ಪ ಟಪ್ಪ, ಬಾ. ಟಪ್ಪ, ನಿಲ್ಲು. ನಿಲ್ಲುವುದು ಒಂದು ಗೇಣು ತಡವಾದರೆ ಮಧ್ಯಾಹ್ನದ ಊಟಕ್ಕೆ ಕತ್ತರಿ. ಸ್ಕೂಲಿನಲ್ಲಿ ಮೇಷ್ಟ್ರು ಇವನ ತಲೆಯಲ್ಲಿ ಸಗಣಿ ಇದೆ ಅಂದು ಬಾಗಿಲ ಹೊರಗೆ ನಿಲ್ಲಿಸಿದ್ದರು. ಅದೇ ತಲೆಗೆ ಇಪ್ಪತ್ತೆಂಟು ಅಡಿ ಉದ್ದದ ಗಾಡಿಯ ಬಾಲ ಎಲ್ಲಿದೆ ಅಂತ ಕಣ್ಣು ಮುಚ್ಚಿದರೂ ಗೊತ್ತಾಗುವಂತೆ ಮಾಡಿದವನು ಈ ಮನುಷ್ಯ.

"ನೆರಳು ಈಗ ಎಲ್ಲೈತೆ ಅಂತ ನೋಡಿ ನಿಲ್ಲಿಸ್ಬೇಡ," ಅನ್ನುತ್ತಿದ್ದ. "ನೀನು ಎದ್ದೇಳೋ ಹೊತ್ತಿಗೆ ಎಲ್ಲಿರ್ತೈತೆ ನೋಡಿ ನಿಲ್ಸು."

ಹೋದ ವಾರ ಚಳ್ಳಕೆರೆಯ ಮಾರ್ಕೆಟ್ ಗೇಟಿನಲ್ಲಿ ಮಾರುತಿ ಎದುರಿಗೇ ನಿಂತು ಕೈ ಎತ್ತಿದ್ದ. ಚಿಕ್ಕೀರಪ್ಪ ಅವನನ್ನೇ ನೋಡಿಕೊಂಡು ಸುಮ್ಮನೆ ಹೋದ. ಕೋಪ ಇರಬಹುದೇ ಅಂತ ಮೂರು ದಿನ ಯೋಚಿಸಿದ ಮೇಲೆ ಮಾರುತಿಗೆ ಹೊಳೆಯಿತು. ಹೊಳೆದ ಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಅವನ ಮೇಲೇ ಬಂತು. ಕಣ್ಣು ಕಾಣದವನು ಹದಿನಾರು ಟನ್ನು ಹೊತ್ತುಕೊಂಡು ರೋಡಿನಲ್ಲಿ ಓಡಾಡುತ್ತಿದ್ದಾನೆ. ಎದುರಿಗೆ ಸ್ಕೂಲು ಮಕ್ಕಳ ಆಟೋ ಬರುತ್ತವೆ, ಕುರಿ ಮಂದೆ ಬರುತ್ತವೆ. ಕೇಳಿದರೆ ಒಪ್ಪುವ ಪೈಕಿಯಲ್ಲ. ಹಾಗಾದರೆ ಎಲ್ಲರ ಮುಂದೆ ಗೊತ್ತಾಗಲಿ.

ಅದಕ್ಕೇ ಇವತ್ತು ಬಳ್ಳಾರಿಯಲ್ಲಿ ಈರುಳ್ಳಿ ಇಳಿಸಿ, ಖಾಲಿ ಗಾಡಿ ಹೊಡೆದುಕೊಂಡು, ದಾರಿಯಲ್ಲಿ ಟೀಗೂ ನಿಲ್ಲದೆ ಬಂದು ಬಾಲವಾಡಿ ಹಿಡಿದಿದ್ದ.

ಒಂದೂ ಕಾಲಿಗೆ ಚಿಕ್ಕೀರಪ್ಪನ ಗಾಡಿ ರೋಡಿನಿಂದ ಇಳಿಯಿತು. ರಾಂಪುರದ ಕಡೆಯಿಂದ ಶೇಂಗಾ ಚೀಲ ತುಂಬಿಕೊಂಡು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹೊರಟಿದ್ದ ಹತ್ತು ಚಕ್ರದ ಗಾಡಿ. ಅದು ನೆಟ್ಟಗೆ ಜಾಲಿ ಪೊದೆಯ ಕಡೆ ಬಂತು. ಇಪ್ಪತ್ತು ಅಡಿ ಇರುವಾಗ ಗಕ್ಕನೆ ಬ್ರೇಕು ಬಿತ್ತು. ಮಾರುತಿಯ ಗಾಡಿಗೆ ಕುಂಕುಮದ ಬಣ್ಣ, ಅರ್ಧ ಮೈಲಿಯಿಂದ ಕಾಣುವಂಥದ್ದು.

ಗಾಡಿ ನಿಂತಲ್ಲೇ ನಿಂತಿತ್ತು, ಇಂಡಿಕೇಟರ್ ಮಿಟುಕಿಸಿಕೊಂಡು. ಬಯಲೆಲ್ಲ ತುಂಬಿತ್ತು. ತೊಟ್ಟಿಯ ಮುಂದೆ, ಜೋಗಪ್ಪನ ಟ್ಯಾಂಕರಿಗೂ ಬೇವಿನ ಕಟ್ಟೆಗೂ ನಡುವೆ ಮಾತ್ರ ಒಂದು ಗಾಡಿಯ ಸಂದಿ ಉಳಿದಿತ್ತು.

"ಚಿಕ್ಕೀರಣ್ಣಾ, ಈ ಕಡೆ ಬರ್ರಿ! ನನ್ ಮಗ್ಗುಲಾಗೆ ಜಾಗ ಐತೆ!" ಜೋಗಪ್ಪ ಮಂಚದಿಂದಲೇ ಕೈ ಬೀಸಿದ.

ಹೊರಟುಬಿಡು ಮಾವ, ಊಟ ಬೇಡ ಅಂತ ರೋಡು ಹತ್ತಿಬಿಡು ಅಂತ ಮಾರುತಿಯ ಒಳಗೆ ಯಾರೋ ಅಂದರು. ಹೊರಗೆ ಅವನು ಕೈಕಟ್ಟಿ ನಿಂತಿದ್ದ.

ಗಾಡಿ ತಿರುಗಿತು.

ಮೊದಲೆಲ್ಲ ಚಿಕ್ಕೀರಪ್ಪ ಒಂದು ಕೈಯಲ್ಲಿ ರಿವರ್ಸ್ ಹಾಕುತ್ತಿದ್ದ. ಇನ್ನೊಂದು ಮೊಣಕೈ ಕಿಟಕಿಯ ಮೇಲೆ, ತುಟಿಯಲ್ಲಿ ಬೀಡಿ. ಎಮ್ಮೆ ಕೊಟ್ಟಿಗೆಗೆ ಹೋದ ಹಾಗೆ ಗಾಡಿ ತಾನೇ ಹೋಗಿ ನಿಲ್ಲುತ್ತಿತ್ತು. ಈಗ ತಲೆ ಪೂರಾ ಹೊರಗಿತ್ತು, ಎರಡೂ ಕೈ ಸ್ಟೇರಿಂಗ್ ಹಿಡಿದಿದ್ದವು. ಒಂದು ಸಲ ಹಿಂದೆ ಬಂದ, ಕಟ್ಟೆಗೆ ತಗಲುವ ಹಾಗಾಯಿತು, ಮುಂದೆ ಹೋದ. ಮತ್ತೆ ಬಂದ, ಮತ್ತೆ ಹೋದ. ಮಂಚದ ಮೇಲಿನ ಮಾತು ಒಂದೊಂದೇ ನಿಂತಿತು. ಯಾರೂ ನಗಲಿಲ್ಲ. ನಗುತ್ತಾರೆ ಅಂದುಕೊಂಡಿದ್ದ ಮಾರುತಿಗೆ, ನಗದೆ ಇದ್ದದ್ದೇ ಕೆಟ್ಟದಾಗಿ ಕಂಡಿತು. ಅವರ ಮುಖ ನೋಡಲಾರದೆ ಟ್ಯಾಂಕರಿನ ಹಿಂದಿನಿಂದ ಸುತ್ತಿಕೊಂಡು ತೊಟ್ಟಿಯ ಕಡೆ ನಡೆದ.

ಅಲ್ಲಿ ದುರುಗಕ್ಕ ಕೂತಿದ್ದಳು.

ಗಾಡಿಗಳ ಕಡೆ ಬೆನ್ನು ಹಾಕಿ, ಕುಕ್ಕರಗಾಲಿನಲ್ಲಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ತಟ್ಟೆಗಳನ್ನು ಬೆಳಗಿ ಬೆಳಗಿ ಹಿಂದಕ್ಕೆ ಇಡುತ್ತಿದ್ದಳು. ಗಾಡಿಯ ಸದ್ದಿಗೆ ಅವಳ ಕಿವಿ ಎಂದೋ ಒಗ್ಗಿಹೋಗಿತ್ತು. ಬೆಳಗಿನಿಂದ ಸಂಜೆ ತನಕ ಅದೇ ಸದ್ದು, ಯಾವುದಕ್ಕೆ ಅಂತ ತಿರುಗಿ ನೋಡುವುದು? ಆ ಸಂದಿಯಲ್ಲಿ ಶೇಂಗಾ ಚೀಲದ ಗುಡ್ಡ ಈ ಸಲ ನೆಟ್ಟಗೆ, ತಪ್ಪಿಲ್ಲದೆ ಅವಳ ಕಡೆಗೇ ಬರುತ್ತಿತ್ತು.

"ಮಾವಾ!" ಅಂತ ಕೂಗಿದ್ದು ಇಂಜಿನ್ನಿನಲ್ಲಿ ಮುಳುಗಿಹೋಯಿತು. ಮಾರುತಿ ಓಡಿ ಹೋಗಿ ಹಲಗೆಗೆ ಅಂಗೈಯಿಂದ ಒಂದೇ ಏಟು ಹಾಕಿದ. ಮೈಯಲ್ಲಿದ್ದ ಬಲವೆಲ್ಲ ಹಾಕಿ ಹೊಡೆದ.

ಗಾಡಿ ನಿಂತಿತು. ಟೈರಿನ ಕೆಳಗೆ ಏನೋ ಕರಕರ ಅಂದಿತು. ದುರುಗಕ್ಕ ತಿರುಗಿ ನೋಡಿದಳು. ಅವಳಿಗೂ ಟೈರಿಗೂ ನಡುವೆ ಒಂದು ಗೇಣಿತ್ತು. "ಯವ್ವಾ," ಅಂದಳು ಬಹಳ ಸಣ್ಣಗೆ, ಬಾವಿಗೆ ಕೊಡ ಬಿಟ್ಟವಳ ಹಾಗೆ. ಎದ್ದು ಪಕ್ಕಕ್ಕೆ ಸರಿದಳು.

"ಯಾವನಲೇ ತಟ್ಟಿದ್ದು?" ಕ್ಯಾಬಿನ್ನಿನಿಂದ ಗದರಿದ ಚಿಕ್ಕೀರಪ್ಪ.

"ನಾನು, ಮಾವ."

"ನಾನು ಕೇಳಿದ್ನಾ?"

"ಇಲ್ಲ."

"ಇನ್ನೂ ಮೂರಡಿ ಇತ್ತಲ್ಲೋ ತೊಟ್ಟಿಗೆ."

ಮಾರುತಿ ದುರುಗಕ್ಕನ ಕಡೆ ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಬೇಡ ಅಂತಲೋ, ಹೂಂ ಅನ್ನು ಅಂತಲೋ ಗೊತ್ತಾಗಲಿಲ್ಲ.

"ಇತ್ತು, ಮಾವ," ಅಂದ.

ಚಿಕ್ಕೀರಪ್ಪ ಗಾಡಿಯನ್ನು ಒಂದು ಮೊಳ ಮುಂದಕ್ಕೆ ತೆಗೆದು ನಿಲ್ಲಿಸಿ ಇಳಿದ. ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಮಂಚದ ಕಡೆ ನಡೆದ. "ನೋಡಿದ್ರೇನ್ರೋ, ಇಂಥಾ ಸಂದೀಲಿ! ಎರಡು ಸಲ ಹಿಂದೆ ಮುಂದೆ ಆಯ್ತು, ಗೇರು ಬಿಗಿ," ಅಂದ. "ಹೂಂ ಅಣ್ಣ, ಗೇರು ಬಿಗಿ ಇದ್ರೆ ಹಂಗೇ," ಅಂದ ಜೋಗಪ್ಪ. ಸಾಮಾನ್ಯವಾಗಿ ಇಂಥ ಮಾತು ಸಿಕ್ಕರೆ ನಾಲ್ಕು ದಿನ ಜಗಿಯುವವನು ಅಷ್ಟಕ್ಕೇ ಬಿಟ್ಟ.

ಊಟಕ್ಕೆ ಕೂತಾಗ ಮಾರುತಿ ಎದುರಿಗೇ ಕೂತ. ಮುದ್ದೆ, ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ. ಚಿಕ್ಕೀರಪ್ಪ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುವಾಗ ಬೆರಳನ್ನು ಲೋಟದ ಅಂಚಿನೊಳಗೆ ಇಟ್ಟುಕೊಂಡ. ನೀರು ಬೆರಳಿಗೆ ತಾಗಿದಾಗ ಜಗ್ಗು ಎತ್ತಿದ. ಈರುಳ್ಳಿ ಅಂತ ಉಪ್ಪಿನ ಕುಪ್ಪೆಗೆ ಕೈ ಹಾಕಿ, ಹಾಕಿದ್ದು ಬೇಕಂತಲೇ ಅನ್ನುವ ಹಾಗೆ ಒಂದು ಚಿಟಿಕೆ ಉಪ್ಪು ಸಾರಿಗೆ ಉದುರಿಸಿಕೊಂಡ. ಎಂಥ ಜಾಣತನ! ಇಷ್ಟು ಜಾಣತನವನ್ನು ಒಂದು ಆಸ್ಪತ್ರೆಗೆ ಹೋಗಲು ಖರ್ಚು ಮಾಡಬಾರದೇ?

"ಮಾವ, ಚಳ್ಳಕೆರೇಲಿ ಕಣ್ಣಿನ ಕ್ಯಾಂಪ್ ಹಾಕ್ತಾರಂತೆ ಮುಂದಿನ ವಾರ."

"ಹಾಕ್ಲಿ."

"ಸುಮ್ನೆ ಒಂದ್ಸಲ ತೋರಿಸ್ಕಂಡ್ರೆ…"

"ನಮ್ಮಪ್ಪ ಎರಡು ಕಣ್ಣು ತಗಂಡು ಕ್ಯಾಂಪಿಗೆ ಹೋದ. ಒಂದು ತಗಂಡು ವಾಪಸ್ ಬಂದ," ಅಂದ ಚಿಕ್ಕೀರಪ್ಪ, ಮುದ್ದೆ ಮುರಿಯುತ್ತಾ. "ಹೋದ ಸಲ ಲೈಸೆನ್ಸಿಗೆ ಸರ್ಟಿಫಿಕೇಟ್ ಕೊಟ್ರಲ್ಲ ಡಾಕ್ಟ್ರು, ತಲೆ ಎತ್ತಿ ನನ್ ಮುಖಾನೂ ನೋಡ್ಲಿಲ್ಲ. ಮೊದ್ಲು ಅವ್ರಿಗೆ ತೋರಿಸ್ಬೇಕು ಕ್ಯಾಂಪಿನಾಗೆ."

ಮಂಚಗಳು ನಕ್ಕವು. ಮಾರುತಿಯೂ ನಕ್ಕ. ನಕ್ಕದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಉಂಡು ಚಿಕ್ಕೀರಪ್ಪ ಬೇವಿನ ಕೆಳಗಿನ ಮಂಚದಲ್ಲಿ ಟವೆಲ್ಲು ಮುಖದ ಮೇಲೆ ಹಾಕಿಕೊಂಡು ಮಲಗಿದ. ಆಗ ದುರುಗಕ್ಕ ಮಾರುತಿಯನ್ನು ಒಲೆಯ ಹಿಂದಕ್ಕೆ ಕರೆದಳು. ಸೆರಗಿನ ಮರೆಯಿಂದ ಒಂದು ಸ್ಟೀಲಿನ ತಟ್ಟೆ ತೆಗೆದಳು. ತಟ್ಟೆ ಅನ್ನುವ ಹಾಗಿರಲಿಲ್ಲ. ಒಂದು ಪಕ್ಕ ಹಪ್ಪಳದ ಹಾಗೆ ಚಪ್ಪಟೆಯಾಗಿ, ಟೈರಿನ ಅಚ್ಚು ಮೂಡಿತ್ತು.

"ಇಟ್ಕ," ಅಂದಳು.

"ನಂಗ್ಯಾಕಕ್ಕ?"

"ನಾನು ಹೇಳಿದ್ರೆ ಹೋಟ್ಲು ಬದಲಾಯಿಸ್ತಾನೆ, ಅಷ್ಟೇ. ಇನ್ನೊಂದು ಕಡೆ ಹೋಗಿ ಇನ್ನೊಬ್ಬಳ ಮೇಲೆ ಹತ್ತಿಸ್ತಾನೆ. ನಿನ್ ಬೆಳೆಸಿದೋನು ಅವನು. ನೀನು ಹೇಳು. ಇನ್ನೊಂದು ಮಾತು. ಇವತ್ತು ಬಾಲವಾಡೀಲಿ ಯಾಕೆ ನಿಲ್ಸಿದೆ ನೀನು?"

ಮಾರುತಿ ಕೈ ಚಾಚಿ ತಟ್ಟೆ ತೆಗೆದುಕೊಂಡ.

"ಇಪ್ಪತ್ತು ವರ್ಷದಿಂದ ಇದೇ ಬಯಲು ನೋಡ್ತಿದೀನಿ ಕಣೋ. ಯಾರು ಎಲ್ಲಿ ನಿಲ್ಲಿಸ್ತಾರೆ ಅನ್ನೋದು ನೋಡಿದ್ರೆ ಅವರ ಮನೇಲಿ ಏನು ಅಡುಗೆ ಅಂತ ಗೊತ್ತಾಗ್ತೈತೆ ನಂಗೆ. ಅವನ್ನ ಪರೀಕ್ಷೆ ಮಾಡಾಕೆ ಹೋಗಿ ನನ್ನ ಮಸಣಕ್ಕೆ ಕಳಿಸ್ತಿದ್ದೆ. ಆಮೇಲೆ ನಿಂಗೆ ಪಾಸೋ ಫೇಲೋ?"

ಅಷ್ಟು ಹೇಳಿ ಅವಳು ಒಲೆಯ ಮುಂದೆ ಹೋಗಿ ಕೂತಳು.

ಮಾರುತಿ ತಟ್ಟೆ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತ. ಬೆಳಗಿನಿಂದ ಚಿಕ್ಕೀರಪ್ಪನ ಮೇಲೆ ಕುದಿಯುತ್ತಿದ್ದ ಸಿಟ್ಟು ಸುತ್ತು ಹಾಕಿಕೊಂಡು ತನ್ನ ಕಾಲ ಬುಡಕ್ಕೇ ಬಂದು ನಿಂತ ಹಾಗಾಯಿತು. ಕಾಣದವನು ಅವನು. ಕಂಡೂ ಅವನನ್ನು ಆ ಸಂದಿಗೆ ತಳ್ಳಿದವನು ತಾನು.

ಮೂರೂವರೆಗೆ ಮಾರುತಿ ತನ್ನ ಗಾಡಿ ಹತ್ತಿದ. ಬಾಲವಾಡಿಯಿಂದ ಹೊರಗೆ ತೆಗೆದು, ಬಯಲನ್ನು ಒಂದು ಸುತ್ತು ಹಾಕಿ, ಚಿಕ್ಕೀರಪ್ಪನ ಗಾಡಿಯ ಮೂತಿಗೆ ಅಡ್ಡಲಾಗಿ ತಂದು ನಿಲ್ಲಿಸಿದ. ನಡುವೆ ಒಂದು ಆಳು ನುಸುಳುವಷ್ಟು ಜಾಗ ಬಿಟ್ಟ.

"ಏಯ್, ತಲೆ ನೆಟ್ಟಗೈತಾ ನಿಂಗೆ?" ಜೋಗಪ್ಪ ಎದ್ದು ಕೂತ. "ಅಡ್ಡ ಹಾಕ್ತಿದೀಯಲ್ಲೋ!"

"ಹೌದು, ಅಡ್ಡ ಹಾಕಿದೀನಿ."

"ಹಾಕಿದ್ರೆ ಕೀಲಿ ಮೊಳೆಗೆ ಹಾಕು ಮತ್ತೆ."

ಮಾರುತಿ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬೇವಿನ ಕಟ್ಟೆಯ ಮೇಲೆ ಕೂತ. ಜೋಗಪ್ಪ ಇನ್ನೇನೋ ಅನ್ನುವುದರಲ್ಲಿದ್ದ. ಒಲೆಯ ಮುಂದಿನಿಂದ ದುರುಗಕ್ಕ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡು ಬೀಡಿ ಹುಡುಕಿದ. ಅಷ್ಟರಲ್ಲಿ ರಾಯದುರ್ಗದ ಒಂದು ಗಾಡಿ ರೋಡಿನಿಂದ ಇಳಿದು ಖಾಲಿಯಾಗಿದ್ದ ಬಾಲವಾಡಿಯ ಮುಂದೆ ನಿಂತಿತು. "ಇಕ್ಕಡ ಪೆಟ್ಟಚ್ಚಾ ಅಕ್ಕಾ?" ಅಂತ ಅದರ ಡ್ರೈವರು ತಲೆ ಹೊರಗೆ ಹಾಕಿ, ಇಲ್ಲಿ ನಿಲ್ಲಿಸಬಹುದಾ ಅಂತ ತೆಲುಗಿನಲ್ಲಿ ಕೇಳಿದ. "ಪೆಟ್ಟು ನಾಯ್ನಾ, ಪೆಟ್ಟು," ಅಂದಳು ದುರುಗಕ್ಕ. ಆ ಜಾಗವೂ ಹೋಯಿತು.

ನಾಲ್ಕಕ್ಕೆ ಚಿಕ್ಕೀರಪ್ಪ ಎದ್ದ. ತೊಟ್ಟಿಯಲ್ಲಿ ಮುಖ ತೊಳೆದುಕೊಂಡ, ಟೈರುಗಳಿಗೆ ಒಂದೊಂದು ಒದೆ ಕೊಟ್ಟ, ಕ್ಯಾಬಿನ್ ಹತ್ತಿ ಇಂಜಿನ್ ಶುರು ಮಾಡಿದ. ಆಮೇಲೆ ಮುಂದೆ ಬಗ್ಗಿ ಗಾಜಿನಾಚೆ ಬಹಳ ಹೊತ್ತು ನೋಡಿದ. ಇಂಜಿನ್ ಆರಿಸಿ ಇಳಿದು, ಎದುರಿಗಿದ್ದ ಗಾಡಿಯ ಹತ್ತಿರ ಹೋಗಿ, ಅದರ ಬಾಗಿಲಿನ ಮೇಲೆ ಕೈಯಾಡಿಸಿದ. ಬಾಗಿಲಿನ ಮೇಲೆ ಮಾರುತಿ ಹಿತ್ತಾಳೆಯ ಗಂಟೆ ಕಟ್ಟಿದ್ದ. ಕೈಗೆ ಗಂಟೆ ಸಿಕ್ಕಿತು.

ಅವನು ಮೊದಲು ಕಂಬದ ಹತ್ತಿರ ಹೋದ. ಮೊಳೆ ಬರಿದಾಗಿತ್ತು. ಅದನ್ನು ಮುಟ್ಟಿ ನೋಡಿ, ಕಟ್ಟೆಯ ಕಡೆ ತಿರುಗಿದ.

"ಮಾರುತಿ."

"ಇಲ್ಲಿದೀನಿ ಮಾವ."

"ಗಾಡಿ ತೆಗಿ. ಆರರೊಳಗೆ ಮಿಲ್ಲಿಗೆ ಮುಟ್ಟಬೇಕು."

"ತೆಗೆಯಲ್ಲ."

ಚಿಕ್ಕೀರಪ್ಪ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡ ಮಾರುತಿ. ಹೊಡೆದರೆ ಸರಿಹೋಗುತ್ತಿತ್ತು. ಹೊಡೆಯಲಿಲ್ಲ. ಮಾರುತಿ ತಟ್ಟೆಯನ್ನು ಅವನ ಕೈಗೆ ಕೊಟ್ಟ.

ಚಿಕ್ಕೀರಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಅಂಚು ಸವರಿದ. ಚಪ್ಪಟೆಯಾದ ಕಡೆ ಬಂದಾಗ ಬೆರಳು ನಿಧಾನವಾಯಿತು. ಟೈರಿನ ಅಚ್ಚನ್ನು ಒಂದೊಂದೇ ಗೆರೆ ಮುಟ್ಟಿದ. ತನ್ನ ಟೈರು, ಅವನಿಗೆ ಗೊತ್ತಿಲ್ಲದ್ದಲ್ಲ.

"ಯಾರ್ದಿದು?"

"ದುರುಗಕ್ಕಂದು."

"ಎಲ್ಲಿತ್ತು?"

"ಅವಳ ಹಿಂದಿತ್ತು. ತೊಟ್ಟಿ ಹತ್ರ ಕೂತಿದ್ಲು ಅವಳು, ಬೆನ್ನು ಹಾಕ್ಕಂಡು. ಮೂರಡಿ ಇರ್ಲಿಲ್ಲ ಮಾವ. ಗೇಣಿತ್ತು."

ಚಿಕ್ಕೀರಪ್ಪ ಕಟ್ಟೆಯ ಮೇಲೆ ಅವನ ಪಕ್ಕ ಕೂತ. ಜೇಬಿನಿಂದ ಬೀಡಿ ತೆಗೆದ, ಹಚ್ಚಲಿಲ್ಲ. ಬೇವಿನ ನೆರಳು ಮಂಚಗಳನ್ನು ಬಿಟ್ಟು ರೋಡಿನ ಕಡೆ ಸರಿದಿತ್ತು. ರೋಡಿನಲ್ಲಿ ಒಂದು ಬಸ್ಸು ಹೋಯಿತು, ಹಿಂದೆ ಕೆಂಪು ಧೂಳು ಎದ್ದು ನಿಧಾನವಾಗಿ ಕೂತಿತು.

"ಹೊತ್ತೇರಿದ ಮೇಲೆ ಎಲ್ಲ ಬೆಳ್ಳಗೆ ಕಾಣ್ತೈತೆ," ಅಂದ ಚಿಕ್ಕೀರಪ್ಪ. "ಸೋಸಿದ ಮಜ್ಜಿಗೆ ಕಣ್ಣಿಗೆ ಹಾಕ್ದಂಗೆ. ರೋಡು ಕಾಣ್ತೈತೆ, ಬದಿ ಕಾಣಲ್ಲ."

"ಯಾವಾಗಿಂದ?"

"ಯುಗಾದಿಯಿಂದ."

ಯುಗಾದಿ ಹೋಗಿ ನಾಲ್ಕು ತಿಂಗಳಾಗಿತ್ತು.

"ಬಾಲವಾಡೀಲಿ ನಿಲ್ಸಿದ್ದು ನೀನೇ ಅಂತ ಗೊತ್ತಾತು ನಂಗೆ ಮಧ್ಯಾಹ್ನ," ಅಂದ ಚಿಕ್ಕೀರಪ್ಪ. "ಕೆಂಪು ಕಂಡ್ತು. ಯಾಕೆ ನಿಲ್ಸಿದೆ?"

"ನೋಡಾಕೆ."

"ನೋಡಿದ್ಯಾ?"

"ನೋಡ್ದೆ." ಮಾರುತಿ ನೆಲ ನೋಡಿಕೊಂಡು ಹೇಳಿದ. "ತಪ್ಪಾತು ಮಾವ."

ಚಿಕ್ಕೀರಪ್ಪ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಲೆಯ ಕಡೆ ಮುಖ ತಿರುಗಿಸಿದ. "ದುರುಗಕ್ಕ," ಅಂದ. ಅವಳು "ಏನು?" ಅಂದಳು. ಅವನು ತಟ್ಟೆಯ ಅಂಚನ್ನು ಮತ್ತೆ ಸವರಿದ. ಸ್ವಲ್ಪ ಹೊತ್ತಿಗೆ ಅವಳು ಎರಡು ಲೋಟ ಟೀ ತಂದು ಕಟ್ಟೆಯ ಮೇಲಿಟ್ಟು, ಅವನ ಲೋಟವನ್ನು ಅವನ ಬೆರಳಿಗೆ ತಾಗುವ ಹಾಗೆ ಒಂದಿಷ್ಟು ಸರಿಸಿ ಹೋದಳು.

ಟೀ ಕುಡಿದು ಅವನು ಸೊಂಟದ ದಾರಕ್ಕೆ ಕಟ್ಟಿದ್ದ ಕೀಲಿಯನ್ನು ಬಿಚ್ಚಿದ. ಗಂಟು ಹಳೆಯದು, ಬಿಚ್ಚಲು ಹೊತ್ತು ಹಿಡಿಯಿತು. ಮಾರುತಿ ಸಹಾಯಕ್ಕೆ ಕೈ ಹಾಕಲಿಲ್ಲ.

"ಶೇಂಗಾ ಮುಟ್ಟಿಸ್ತೀಯಾ?"

"ಮುಟ್ಟಿಸ್ತೀನಿ. ನೀನೂ ಬಾ. ಮಿಲ್ಲಿಂದ ಕಣ್ಣಿನ ಆಸ್ಪತ್ರೆ ದೂರ ಇಲ್ಲ. ಕ್ಯಾಂಪ್ ಬ್ಯಾಡ, ನಾನು ಪಕ್ಕದಲ್ಲೇ ಕೂರ್ತೀನಿ."

"ಅದು ಆಮೇಲೆ." ಕೀಲಿ ಕೈ ದಾಟಿತು. "ನಿನ್ ಗಾಡಿ?"

"ಖಾಲಿ ಐತೆ. ನಾಳೆ ತನಕ ಇಲ್ಲೇ ಇರ್ಲಿ."

"ಇಲ್ಲೇ ಅಂದ್ರೆ? ಅಡ್ಡಾನಾ?" ಚಿಕ್ಕೀರಪ್ಪ ಎದ್ದು ನಿಂತ. ಹಳೆಯ ಗದರಿಕೆ ಮತ್ತೆ ಬಂದಿತ್ತು. "ನನ್ ಕೈಲಿ ಕಲ್ತೋನು ಅಡ್ಡ ನಿಲ್ಲಿಸಿ ಹೋದ ಅಂತ ಆಡ್ಕಳ್ಳಾಕಾ? ಹಾಕು ಸಂದಿಗೆ. ಮೂತಿ ರೋಡಿಗಿರ್ಲಿ."

ಮಾರುತಿ ಅಡ್ಡ ನಿಂತಿದ್ದ ತನ್ನ ಗಾಡಿಯನ್ನು ಸರಿಸಿ, ಶೇಂಗಾ ಗಾಡಿಯನ್ನು ಹೊರತೆಗೆದು ರೋಡಿನ ಪಕ್ಕಕ್ಕೆ ನಿಲ್ಲಿಸಿ ಬಂದ. ತನ್ನ ಗಾಡಿ ಹತ್ತಿ, ತಿರುಗಿಸಿ, ಸಂದಿಗೆ ಬೆನ್ನು ಕೊಟ್ಟ. ಕನ್ನಡಿಯಲ್ಲಿ ನೋಡಿದ. ಟ್ಯಾಂಕರು, ಕಟ್ಟೆ, ಹಿಂದೆ ತೊಟ್ಟಿ. ತೊಟ್ಟಿಯ ಹತ್ತಿರ ಬಿಳಿ ಅಂಗಿಯ ಮನುಷ್ಯ, ಒಂದು ಕೈಯನ್ನು ಗಾಳಿಯಲ್ಲಿ ಎತ್ತಿಕೊಂಡು, ಗಾಡಿ ಬರುವುದನ್ನು ಕಾಯುತ್ತಾ ನಿಂತಿದ್ದ. ಮಂಚಗಳ ಮೇಲಿನವರೆಲ್ಲ ಎದ್ದು ನಿಂತಿದ್ದರು.

"ಮಾವ," ಮಾರುತಿ ತಲೆ ಹೊರಗೆ ಹಾಕಿ ಕೂಗಿದ, ಎಲ್ಲರಿಗೂ ಕೇಳುವ ಹಾಗೆ. "ಸ್ವಲ್ಪ ತಟ್ಟು."

ಆಮೇಲೆ ಕೈ ಚಾಚಿ ಈ ಕಡೆಯ ಕನ್ನಡಿ ಮಡಚಿದ. ಆ ಕಡೆಗೆ ಬಗ್ಗಿ ಅದನ್ನೂ ಮಡಚಿದ.

ಟಪ್ಪ ಟಪ್ಪ. ಗಾಡಿ ಹಿಂದಕ್ಕೆ ಸರಿಯಿತು. ಟಪ್ಪ ಟಪ್ಪ. ಬೇವಿನ ಎಲೆಗಳು ಕ್ಯಾಬಿನ್ನಿಗೆ ಸವರಿದವು. ಟಪ್ಪ ಟಪ್ಪ. ಟ್ಯಾಂಕರಿನ ಬಿಸಿ ಕಿಟಕಿಯಲ್ಲಿ ಬಡಿದು ಹೋಯಿತು. ಮಾರುತಿ ಗಾಜಿನಾಚೆ ರೋಡನ್ನೇ ನೋಡಿಕೊಂಡು, ಕಿವಿಯನ್ನು ಹಿಂದೆ ಬಿಟ್ಟಿದ್ದ. ತಟ್ಟುವ ಕೈ ಅವಸರ ಮಾಡುತ್ತಿರಲಿಲ್ಲ. ಟಪ್ಪ ಟಪ್ಪ.

ಟಪ್ಪ.

ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ಇಂಜಿನ್ ಆರಿಸಿ ಇಳಿದು ಹಿಂದಕ್ಕೆ ಹೋದ. ತೊಟ್ಟಿಗೂ ಗಾಡಿಗೂ ನಡುವೆ ಮೂರಡಿ ಜಾಗವಿತ್ತು. ಚಿಕ್ಕೀರಪ್ಪ ಮಗ್ಗುಲಲ್ಲಿ ನಿಂತಿದ್ದ. ತಟ್ಟಿದ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಬಿಸಿಲಿಗೆ ಕಾದ ಹಲಗೆಯ ಮೇಲೆ ಅಂಗೈ ಹಾಗೇ ಇತ್ತು, ಪಕ್ಕದಲ್ಲಿ ನಲ್ಲಿಯಿಂದ ತೊಟ್ಟಿಗೆ ನೀರು ಹನಿಯುತ್ತಿತ್ತು.